ಉಳಿತಾಯಕ್ಕೂ ಬಂಡವಾಳ ಬೇಕು

ನಗರಕ್ಕೆ ನೀರು ಸಾಲದೆಂದರೆ ಹೊಸ ಕೊಳವೆಮಾರ್ಗವನ್ನು ಹಾಕಬೇಕೆಂದೂ, ವಿದ್ಯುಚ್ಛಕ್ತಿ ಸಾಲದೆಂದರೆ ಹೊಸ ಉತ್ಪಾದನಾಗಾರವನ್ನು ಕಟ್ಟಬೇಕೆಂದೂ ನಾವು ಸಹಜವಾಗಿ ಯೋಚಿಸುತ್ತೇವೆ. ಕಡಮೆ ನೀರಿನಿಂದ, ಕಡಮೆ ಶಕ್ತಿಯಿಂದ ಅದೇ ಕೆಲಸವನ್ನು ಸಾಧಿಸುವುದೂ ಒಂದು ಬಗೆಯ ಉತ್ಪಾದನೆಯೇ ಎಂಬುದು ನಮಗೆ ಬೇಗನೆ ಹೊಳೆಯುವುದಿಲ್ಲ. ಮೊದಲನೆಯ ಮಾರ್ಗಕ್ಕೆ ಸರ್ಕಾರವು ಸಾಲವನ್ನು ಎತ್ತುತ್ತದೆ. ಎರಡನೆಯದಕ್ಕೆ ಬಹುಮಟ್ಟಿಗೆ ಉಪದೇಶವೊಂದೇ ದೊರೆಯುತ್ತದೆ. ಈ ತಾರತಮ್ಯವನ್ನು ಹೋಗಲಾಡಿಸಬೇಕೆಂಬುದು, ಅದರಲ್ಲಿಯೂ ನಗರಗಳ ವಾಣಿಜ್ಯ ಕಟ್ಟಡಗಳ ವಿಷಯದಲ್ಲಿ ಹೋಗಲಾಡಿಸಬೇಕೆಂಬುದು, ಈ ಲೇಖನದ ವಾದ.

ನಮಗೆ ಹತ್ತಿರದ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ೧೯೦೨ರಲ್ಲಿ ಕಾವೇರಿಯು ಶಿವನಸಮುದ್ರದಲ್ಲಿ ಧುಮುಕಿ, ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಟ್ಟಳು. ೧೯೦೫ರಲ್ಲಿ ಬೆಂಗಳೂರಿನ ದೀಪಗಳನ್ನು ಬೆಳಗಿದಳು. ಇಂದು ಅದೇ ಕಾವೇರಿಯ ನೀರನ್ನು ಬೆಂಗಳೂರಿಗೆ ತರಲು ವಿದ್ಯುತ್ತನ್ನು ವ್ಯಯಮಾಡಬೇಕಾಗಿದೆ. ನೀರು ಸುಮಾರು ೧೦೦ ಕಿಲೋಮೀಟರು ದೂರದಿಂದ ಬರುತ್ತದೆ. ದಾರಿಯಲ್ಲಿ ಪಂಪುಗಳು ಅದನ್ನು ಮೂರು ಹಂತಗಳಲ್ಲಿ ಒಟ್ಟು ಸುಮಾರು ೫೦೦ ಮೀಟರು ಎತ್ತುವುದಕ್ಕೆ ಸಮನಾದ ಕೆಲಸವನ್ನು ಮಾಡುತ್ತವೆ. ಒಂದು ಸಾವಿರ ಲೀಟರು ನೀರಿನ ತೂಕ ಒಂದು ಸಾವಿರ ಕಿಲೋಗ್ರಾಂ. ಪ್ರೌಢಶಾಲೆಯಲ್ಲಿ ಕಲಿತ ಸೂತ್ರದಂತೆ ದ್ರವ್ಯರಾಶಿ, ಗುರುತ್ವವೇಗೋತ್ಕರ್ಷ, ಎತ್ತರ ಇವು ಮೂರನ್ನೂ ಗುಣಿಸಿದರೆ ೪೯ ಲಕ್ಷ ಜೌಲ್, ಎಂದರೆ ಸುಮಾರು ೧.೩೬ ಯೂನಿಟ್ಟು ಬರುತ್ತದೆ. ಪಂಪು ಮತ್ತು ಮೋಟಾರುಗಳ ದಕ್ಷತೆಯನ್ನು ಶೇಕಡಾ ೭೫ ಎಂದು ಭಾವಿಸಿದರೆ ಪ್ರತಿ ಸಾವಿರ ಲೀಟರಿಗೆ ೧.೮ ಯೂನಿಟ್ಟು ತಗಲುತ್ತದೆ. ಆದುದರಿಂದ ಬೆಂಗಳೂರಿನಲ್ಲಿ ನೀರನ್ನು ಪೋಲುಮಾಡುವವನು ವಿದ್ಯುತ್ತನ್ನೂ ಪೋಲುಮಾಡುತ್ತಾನೆ.

೨೦೨೪ರ ಅಕ್ಟೋಬರಿನಲ್ಲಿ ಕಾವೇರಿ ಯೋಜನೆಯ ಐದನೆಯ ಹಂತವು ಉದ್ಘಾಟನೆಯಾಯಿತು. ದಿನಕ್ಕೆ ೭೭.೫ ಕೋಟಿ ಲೀಟರು ನೀರನ್ನು ಒದಗಿಸುವ ಸಾಮರ್ಥ್ಯ ಅದಕ್ಕಿದೆ. ಮೇಲಿನ ಲೆಕ್ಕದಂತೆ, ಅಷ್ಟು ನೀರೂ ಹರಿದರೆ ದಿನವೊಂದಕ್ಕೆ ಸುಮಾರು ೧೪ ಲಕ್ಷ ಯೂನಿಟ್ಟು ವಿದ್ಯುತ್ತು ಬೇಕು. ಈ ಕಾರ್ಯಕ್ಕೆ ಜಪಾನಿನ ಸಾಲ ದೊರೆಯಿತು. ಅದು ತಪ್ಪೆಂದು ಹೇಳುತ್ತಿಲ್ಲ. ನಗರಕ್ಕೆ ನೀರು ಬೇಕೇ ಬೇಕು. ಆದರೆ ಅದೇ ವರ್ಷದ ಬೇಸಗೆಯ ಅಭಾವದಲ್ಲಿ, ಮಾರ್ಚಿ ತಿಂಗಳಿನಲ್ಲಿ, ವಾಣಿಜ್ಯ ಕಟ್ಟಡಗಳು ನಲ್ಲಿಗಳಿಗೆ ಏರೇಟರುಗಳನ್ನು ಜೋಡಿಸಬೇಕೆಂದು ಜಲಮಂಡಳಿಯು ಆಜ್ಞೆ ಮಾಡಿತು. ನೀರಿನೊಡನೆ ಗಾಳಿಯನ್ನು ಬೆರೆಸಿ ಹರಿವನ್ನು ಅರ್ಧಕ್ಕೆ ಇಳಿಸಬಲ್ಲ ಈ ಪುಟ್ಟ ಸಾಧನದ ಬೆಲೆ ಅತ್ಯಲ್ಪ, ಆಜ್ಞೆಯೊಂದೇ ಸಾಕು. ಆದರೆ ಹಳೆಯ ಕೊಳವೆಗಳನ್ನು ಬದಲಾಯಿಸುವುದು, ಕೈತೊಳೆದ ನೀರನ್ನು ಶುದ್ಧಿಮಾಡಿ ಶೌಚಗೃಹಕ್ಕೆ ತಿರುಗಿಸುವುದು, ಹವಾನಿಯಂತ್ರಣದ ಯಂತ್ರಗಳನ್ನು ಸುಧಾರಿಸುವುದು ಮುಂತಾದ ಕೆಲಸಗಳಿಗೆ ಆಜ್ಞೆಯ ಜೊತೆಗೆ ಹಣವೂ ಬೇಕು.

ಇಂತಹ ಕೆಲಸಗಳಿಂದ ದೊರೆಯುವ ಫಲ ಕಲ್ಪಿತವಾದುದಲ್ಲ. ಗಾಳಿಯನ್ನು ತಳ್ಳುವ ಪಂಖವೊಂದರ ವೇಗವನ್ನು ಶೇಕಡಾ ೨೦ರಷ್ಟು ತಗ್ಗಿಸಿದರೆ ಗಾಳಿಯ ಪ್ರಮಾಣವೂ ಶೇಕಡಾ ೨೦ರಷ್ಟೇ ತಗ್ಗುತ್ತದೆ. ಆದರೆ ಅದಕ್ಕೆ ಬೇಕಾದ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿರುವುದರಿಂದ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಚಾವಣಿಗೆ ತೂಗುಹಾಕಿದ ೭೫ ವಾಟಿನ ಹಳೆಯ ಬೀಸಣಿಗೆಯ ಸ್ಥಾನದಲ್ಲಿ ೩೦ ವಾಟಿನ ಹೊಸದನ್ನು ಹಾಕಿ, ವರ್ಷಕ್ಕೆ ೩೦೦ ದಿನ, ದಿನಕ್ಕೆ ೧೦ ಗಂಟೆ ನಡೆಸಿದರೆ ೧೩೫ ಯೂನಿಟ್ಟು ಉಳಿಯುತ್ತದೆ. ಬೀಸಣಿಗೆಗೆ ೩,೦೦೦ ರೂಪಾಯಿ, ಯೂನಿಟ್ಟಿಗೆ ೮ ರೂಪಾಯಿ ಎಂದಿಟ್ಟುಕೊಂಡರೆ ಮೂರು ವರ್ಷದೊಳಗೆ ಹಾಕಿದ ಹಣ ಹಿಂದಿರುಗುತ್ತದೆ.

ದೊಡ್ಡ ಪ್ರಮಾಣದಲ್ಲಿಯೂ ಇದು ಸಾಧ್ಯವೆಂಬುದಕ್ಕೆ ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡವು ನಿದರ್ಶನವಾಗಿದೆ. ೧೯೩೧ರಲ್ಲಿ ತೆರೆದ, ೧೦೨ ಅಂತಸ್ತುಗಳ ಈ ಕಟ್ಟಡದ ನವೀಕರಣವನ್ನು ೨೦೦೯ರಲ್ಲಿ ಪ್ರಕಟಿಸಲಾಯಿತು. ಅದರ ೬,೫೧೪ ಕಿಟಕಿಗಳನ್ನು ಎಸೆಯದೆ, ಕಟ್ಟಡದೊಳಗೇ ಬಿಚ್ಚಿ, ಉಷ್ಣವನ್ನು ತಡೆಯುವಂತೆ ಮರುರೂಪಿಸಿದರು. ಕಿಟಕಿಗಳ ಮೂಲಕ ಒಳಬರುವ ಶಾಖ ಕಡಮೆಯಾದುದರಿಂದ ತಂಪುಮಾಡುವ ಯಂತ್ರಗಳನ್ನು ಹಿಗ್ಗಿಸುವ ಅಗತ್ಯವೂ ತಪ್ಪಿತು. ಶಕ್ತಿ ಉಳಿತಾಯಕ್ಕೆಂದೇ ಹೆಚ್ಚಾಗಿ ತಗಲಿದ ಖರ್ಚು ೧ ಕೋಟಿ ೩೨ ಲಕ್ಷ ಡಾಲರು. ಯಂತ್ರಶಿಲ್ಪಿಗಳು ಅಂದಾಜುಮಾಡಿದ ವಾರ್ಷಿಕ ಉಳಿತಾಯ ೪೪ ಲಕ್ಷ ಡಾಲರು, ಶಕ್ತಿಯ ಬಳಕೆಯಲ್ಲಿ ಶೇಕಡಾ ೩೮.

ಇಷ್ಟು ಲಾಭವಿದ್ದರೆ ಎಲ್ಲರೂ ಏಕೆ ಮಾಡುವುದಿಲ್ಲ? ಎಂದು ವಾಚಕರು ಕೇಳಬಹುದು. ಕಾರಣ ಭೌತಶಾಸ್ತ್ರದಲ್ಲಿಲ್ಲ, ಲೆಕ್ಕದ ಪುಸ್ತಕದಲ್ಲಿದೆ. ನಮ್ಮ ಪೇಟೆಬೀದಿಯ ಸಾಮಾನ್ಯ ಕಟ್ಟಡದಲ್ಲಿ ಮಾಲೀಕನೊಬ್ಬ, ಬಾಡಿಗೆದಾರರು ಹಲವರು. ಯಂತ್ರವನ್ನು ಬದಲಾಯಿಸಬೇಕಾದವನು ಮಾಲೀಕ. ವಿದ್ಯುತ್ತಿನ ಬಿಲ್ಲನ್ನು ಕಟ್ಟುವವನು ಬಾಡಿಗೆದಾರ. ತನಗೆ ಲಾಭವಿಲ್ಲದ ಖರ್ಚನ್ನು ಮಾಲೀಕನು ಮಾಡುವುದಿಲ್ಲ. ಎರಡು ವರ್ಷದಲ್ಲಿ ಬಿಟ್ಟುಹೋಗುವ ಅಂಗಡಿಯ ಗೋಡೆಯ ಮೇಲೆ ಬಾಡಿಗೆದಾರನು ಹಣ ಹಾಕುವುದಿಲ್ಲ. ನಷ್ಟವೆಲ್ಲವೂ ಊರಿನ ಪಾಲಿಗೆ ಬರುತ್ತದೆ.

ಈ ಗಂಟನ್ನು ಬಿಡಿಸಲು ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು ೨೦೦೮ರಲ್ಲಿ ಒಂದು ಶಾಸನವನ್ನು ಮಾಡಿತು. ಸಾಲವು ಮನುಷ್ಯನಿಗಲ್ಲ, ಕಟ್ಟಡಕ್ಕೆ ಅಂಟಿಕೊಂಡಿರಬೇಕೆಂಬುದು ಅದರ ತತ್ತ್ವ. ಸುಧಾರಣೆಗೆ ಬೇಕಾದ ಹಣವನ್ನು ಮೊದಲೇ ಒದಗಿಸಿ, ಅದನ್ನು ಅನೇಕ ವರ್ಷಗಳಲ್ಲಿ ಆಸ್ತಿತೆರಿಗೆಯೊಡನೆ ಕಂತುಕಂತಾಗಿ ವಸೂಲುಮಾಡಲಾಗುತ್ತದೆ. ಕಟ್ಟಡವು ಮಾರಾಟವಾದರೆ ಕಂತು ಹೊಸ ಮಾಲೀಕನಿಗೆ ವರ್ಗವಾಗುತ್ತದೆ. ಫಲವನ್ನು ಅನುಭವಿಸುವವನೇ ಅದರ ಬೆಲೆಯನ್ನೂ ತೆರುತ್ತಾನೆ. ಮಾಲೀಕನು ಕಂತಿನ ಭಾಗವನ್ನು ಬಾಡಿಗೆದಾರರಿಗೆ ಹಂಚುವಂತೆಯೂ ಒಪ್ಪಂದ ಮಾಡಿಕೊಳ್ಳಬಹುದು. ಅವರ ಬಿಲ್ಲಿನಲ್ಲಿ ಇಳಿದ ಮೊತ್ತವು ಕಂತಿಗಿಂತ ಹೆಚ್ಚಾಗಿದ್ದರೆ ಯಾರಿಗೂ ಹೊರೆಯಿಲ್ಲ. ಮರುವರ್ಷ ನೀರಿನ ಉಳಿತಾಯದ ಕೆಲಸಗಳನ್ನೂ ಇದರಲ್ಲಿ ಸೇರಿಸಿದರು.

ಈ ಪದ್ಧತಿಗೆ ವಿಘ್ನಗಳೂ ಬಂದವು. ತೆರಿಗೆಯ ಬಾಕಿಗೆ ಬ್ಯಾಂಕಿನ ಅಡಮಾನಕ್ಕಿಂತ ಮೊದಲ ಹಕ್ಕು ಇರುವುದರಿಂದ, ಗೃಹಸಾಲಗಳ ಮೇಲ್ವಿಚಾರಣೆ ನಡೆಸುವ ಅಲ್ಲಿಯ ಕೇಂದ್ರ ಸಂಸ್ಥೆಯು ೨೦೧೦ರಲ್ಲಿ ಆಕ್ಷೇಪಿಸಿತು. ವಾಸದ ಮನೆಗಳಿಗೆ ಸಂಬಂಧಿಸಿದ ಯೋಜನೆಗಳು ಬಹುಪಾಲು ನಿಂತುಹೋದವು. ವಾಣಿಜ್ಯ ಕಟ್ಟಡಗಳಲ್ಲಾದರೋ ಅಡಮಾನ ಹಿಡಿದ ಬ್ಯಾಂಕಿನ ಸಮ್ಮತಿಯನ್ನು ಮೊದಲೇ ಪಡೆಯುವ ಕ್ರಮದಿಂದ ಪದ್ಧತಿಯು ಮುಂದುವರಿಯಿತು. ಇದರಿಂದ ನಾವು ಕಲಿಯಬೇಕಾದ ಪಾಠವೂ ಇದೆ: ಸಾಲ ಕೊಟ್ಟವರೆಲ್ಲರ ಹಕ್ಕುಗಳನ್ನು ಆರಂಭದಲ್ಲಿಯೇ ಗೊತ್ತುಪಡಿಸಬೇಕು.

ನಮ್ಮ ದೇಶಕ್ಕೆ ಈ ಭಾವನೆಯು ತೀರ ಹೊಸದಲ್ಲ. ೨೦೧೫ರಲ್ಲಿ ಆರಂಭವಾದ ಎಲ್‌ಇಡಿ ದೀಪಗಳ ಯೋಜನೆಯಲ್ಲಿ, ಕೆಲವೆಡೆ ಬಳಕೆದಾರನು ಸ್ವಲ್ಪ ಹಣವನ್ನು ಮಾತ್ರ ಮೊದಲು ಕೊಟ್ಟು, ಉಳಿದುದನ್ನು ವಿದ್ಯುತ್ತಿನ ಬಿಲ್ಲಿನೊಡನೆ ಕಂತುಗಳಲ್ಲಿ ತೀರಿಸುತ್ತಿದ್ದನು. ಆ ಯೋಜನೆಯಲ್ಲಿ ೩೬ ಕೋಟಿಗೂ ಹೆಚ್ಚು ದೀಪಗಳು ಹಂಚಿಕೆಯಾದವು. ಒಂದು ದೀಪಕ್ಕೆ ಸಾಧ್ಯವಾದುದು ಒಂದು ಕಟ್ಟಡಕ್ಕೆ ಏಕೆ ಸಾಧ್ಯವಾಗಬಾರದು? ೨೦೦೭ರಿಂದ ಶಕ್ತಿಸಂರಕ್ಷಣಾ ಕಟ್ಟಡ ಸಂಹಿತೆಯು ನಮ್ಮಲ್ಲಿದೆ. ಆದರೆ ಅದರ ದೃಷ್ಟಿ ಮುಖ್ಯವಾಗಿ ಹೊಸ ಕಟ್ಟಡಗಳ ಮೇಲಿದೆ. ಈಗಾಗಲೇ ಎದ್ದುನಿಂತಿರುವ ಕಟ್ಟಡಗಳು ಇನ್ನೂ ಹಲವು ದಶಕ ನೀರನ್ನೂ ಶಕ್ತಿಯನ್ನೂ ಹೀರುತ್ತಲೇ ಇರುತ್ತವೆ.

ಸಿರಿವಂತ ಮಾಲೀಕರಿಗೆ ಸಾರ್ವಜನಿಕರ ನೆರವೇಕೆ ಎಂಬ ಆಕ್ಷೇಪವು ನ್ಯಾಯವಾದುದೇ. ಆದರೆ ಇದು ದಾನವಲ್ಲ, ಬಡ್ಡಿಯೊಡನೆ ಹಿಂದಿರುಗುವ ಸಾಲ. ಆದುದರಿಂದ ಕಠಿಣವಾದ ನಿಬಂಧನೆಗಳಿರಬೇಕು. ಕೆಲಸಕ್ಕೆ ಮೊದಲು ಕಟ್ಟಡದ ಬಳಕೆಯನ್ನು ಒಂದು ವರ್ಷ ಅಳೆಯಬೇಕು. ಮುಗಿದ ಬಳಿಕ, ಯಂತ್ರವನ್ನು ಮಾರಿದವರ ಮಾತನ್ನು ನೆಚ್ಚದೆ, ಸ್ವತಂತ್ರ ಪರೀಕ್ಷಕರಿಂದ ಮತ್ತೆ ಅಳೆಸಬೇಕು. ಕಂತು ಉಳಿತಾಯವನ್ನು ಮೀರಬಾರದು. ಸರ್ಕಾರದ ಕಚೇರಿಗಳೇ ಮೊದಲಾಗಲಿ. ಅಲ್ಲಿಯ ಫಲಿತಾಂಶವು ಎಲ್ಲರಿಗೂ ತಿಳಿಯುವಂತೆ ಪ್ರಕಟವಾಗಲಿ.

ನದಿಯಿಂದ ಇನ್ನಷ್ಟು ನೀರನ್ನು ಎಳೆಯುವುದಕ್ಕೆ ಮಿತಿಯಿದೆ. ಬರಗಾಲದಲ್ಲಿ ಆ ನೀರಿಗಾಗಿ ಕಾಯುವ ರೈತರಿದ್ದಾರೆ. ಕೊಳವೆಮಾರ್ಗಕ್ಕೆ ಸಾಲ ಕೊಡುವ ವ್ಯವಸ್ಥೆಯು ಸೋರದ ನಲ್ಲಿಗೂ ಮಿತವಾಗಿ ಶಕ್ತಿ ಬಳಸುವ ಯಂತ್ರಕ್ಕೂ ಸಾಲ ಕೊಡುವುದನ್ನು ಕಲಿಯಬೇಕು. ಎರಡೂ ಊರಿಗೆ ನೀರನ್ನೇ ತರುತ್ತವೆ. ನಗರಪಾಲಿಕೆಗಳೂ ಶಾಸನಸಭೆಯೂ ಈ ಕಾರ್ಯವನ್ನು ಮುಂದಿನ ಬರಗಾಲಕ್ಕೆ ಮೊದಲೇ ಕೈಗೊಳ್ಳುವುದು ವಿವೇಕ.