‘ಫೋನ್ ಡ್ರೈವರ್‌ನಲ್ಲಿ ದೋಷ, ಕೂಡಲೇ ಈ ಲಿಂಕ್ ಒತ್ತಿ’ ಎಂಬ ಮೆಸೇಜು: ನಿಜ ಎಷ್ಟು, ಸುಳ್ಳು ಎಷ್ಟು?

“ಆಂಡ್ರಾಯ್ಡ್ ಫೋನ್ ಇರುವವರೆಲ್ಲ ಎಚ್ಚರ! ಡ್ರೈವರ್‌ನಲ್ಲಿ ದೋಷ ಪತ್ತೆ, ಸರ್ಕಾರದಿಂದಲೇ ಎಚ್ಚರಿಕೆ. ಕೆಳಗಿನ ಲಿಂಕ್ ಒತ್ತಿ ಅಪ್‌ಡೇಟ್ ಮಾಡಿಕೊಳ್ಳಿ, ಹತ್ತು ಜನರಿಗೆ ಕಳಿಸಿ.” ಈ ಧಾಟಿಯ ಫಾರ್ವರ್ಡ್ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು.

ಇದರಲ್ಲಿ ಅರ್ಧ ನಿಜ. ಕೇಂದ್ರ ಐಟಿ ಸಚಿವಾಲಯದ ಅಡಿಯಲ್ಲಿ 2004ರಿಂದ ಇರುವ ಸರ್ಟ್-ಇನ್ ಸಂಸ್ಥೆ ಇಂಥ ದೋಷಗಳ ಬಗ್ಗೆ ಎಚ್ಚರಿಕೆ ಕೊಡುವುದು ಹೌದು. ಸುಳ್ಳಿರುವುದು ಲಿಂಕಿನಲ್ಲಿ. ಡ್ರೈವರ್ ದೋಷಕ್ಕೆ ಮದ್ದು ವಾಟ್ಸಾಪ್ ಲಿಂಕಿನಲ್ಲಿ ಬರುವುದಿಲ್ಲ. ‘ಕ್ಲೀನರ್’ ಆ್ಯಪಿನಿಂದಲೂ ಅದು ಸರಿಯಾಗುವುದಿಲ್ಲ.

ಇಲ್ಲಿ ಡ್ರೈವರ್ ಅಂದರೆ ಬಸ್ಸಿನವನಲ್ಲ. ಕ್ಯಾಮೆರಾ, ಸ್ಪೀಕರ್, ಗ್ರಾಫಿಕ್ಸ್ ಚಿಪ್ ಇವುಗಳ ಜೊತೆ ಫೋನಿನ ಮೂಲ ವ್ಯವಸ್ಥೆ ಮಾತಾಡಲು ಬೇಕಾದ ಸಣ್ಣ ಸಾಫ್ಟ್‌ವೇರ್. ನೀವು ಹಾಕಿಕೊಳ್ಳುವ ಆ್ಯಪುಗಳು ಜಗಲಿಯಲ್ಲಿ ಕೂತ ನೆಂಟರ ಹಾಗೆ, ಕೇಳದೆ ಒಳಗೆ ಬರುವಂತಿಲ್ಲ. ಡ್ರೈವರ್ ಮಾತ್ರ ಜಗಲಿಗೂ ಒಳಕೋಣೆಗೂ ಓಡಾಡುವ ಮನೆಯಾಳು. ಅವನನ್ನು ಮರುಳು ಮಾಡಿದರೆ ಕಪಾಟಿನ ಕೀಲಿ ಸಿಕ್ಕಿದ ಹಾಗೆ.

ಹೀಗೆ ನಿಜಕ್ಕೂ ಆದದ್ದಕ್ಕೆ ಸಾಕ್ಷಿ ಸಿಕ್ಕಿದ್ದು ದೂರದ ಸರ್ಬಿಯಾ ದೇಶದಲ್ಲಿ. 2024ರ ಡಿಸೆಂಬರ್ 25ರಂದು ಅಲ್ಲಿನ ಪೊಲೀಸರು ಹೋರಾಟದಲ್ಲಿದ್ದ ವಿದ್ಯಾರ್ಥಿಯೊಬ್ಬನನ್ನು ಹಿಡಿದರು. ಅವನ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎ32 ಫೋನಿನ ಲಾಕನ್ನು ಸೆಲೆಬ್ರೈಟ್ ಕಂಪನಿಯ ಉಪಕರಣದಿಂದ ಮುರಿಯಲಾಗಿತ್ತು ಎಂದು ಆಮ್ನೆಸ್ಟಿ ಸಂಸ್ಥೆ 2025ರ ಫೆಬ್ರವರಿಯಲ್ಲಿ ವರದಿ ಮಾಡಿತು. ಉಪಕರಣವು ಯುಎಸ್‌ಬಿ ತೂತಿನ ಮೂಲಕ ‘ನಾನೊಂದು ವೆಬ್‌ಕ್ಯಾಮ್’, ‘ನಾನೊಂದು ಸೌಂಡ್ ಸಾಧನ’ ಎಂದು ಫೋನನ್ನು ನಂಬಿಸಿತ್ತು. ಅಲ್ಲಿದ್ದ ಡ್ರೈವರ್‌ಗಳಲ್ಲಿ ದೋಷವಿತ್ತು. ವೆಬ್‌ಕ್ಯಾಮ್ ಡ್ರೈವರ್‌ನ ದೋಷವಂತೂ ಲಿನಕ್ಸ್‌ನಲ್ಲಿ 2008ರಿಂದ ಯಾರ ಕಣ್ಣಿಗೂ ಬೀಳದೆ ಕೂತಿತ್ತು (ಆಂಡ್ರಾಯ್ಡ್‌ನ ತಳಪಾಯವೇ ಲಿನಕ್ಸ್). ದೋಷ ಏನು ಗೊತ್ತೇ? ಗೋದಾಮಿನಲ್ಲಿ ಜಾಗ ಅಳೆಯುವಾಗ ಒಂದು ಬಗೆಯ ಚೀಲವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಲಾರಿಯಿಂದ ಇಳಿಸುವಾಗ ಅದನ್ನೂ ಇಳಿಸಿದರು. ಹೆಚ್ಚಾದ ಚೀಲ ಪಕ್ಕದವರ ಜಾಗಕ್ಕೆ ಬಿತ್ತು. ದಾಳಿ ಮಾಡುವವರಿಗೆ ಬೇಕಾದದ್ದು ಅಷ್ಟೇ.

ಹಾಗಾದರೆ ಬಸ್‌ಸ್ಟ್ಯಾಂಡಿನಲ್ಲಿ ಚಾರ್ಜಿಗೆ ಹಾಕಿದರೆ ಅಕೌಂಟ್ ಖಾಲಿಯೇ? ರಿಸರ್ವ್ ಬ್ಯಾಂಕಿನ 2022ರ ಪುಸ್ತಿಕೆಯಲ್ಲೂ ಇಂಥ ಎಚ್ಚರಿಕೆ ಇದೆ. ಆದರೆ ಸರ್ಬಿಯಾದಲ್ಲಿ ಫೋನ್ ಪೊಲೀಸರ ಕೈಯಲ್ಲಿತ್ತು, ಬಳಸಿದ್ದು ವಿಶೇಷ ಉಪಕರಣ. ನಿಮ್ಮದೇ ಅಡಾಪ್ಟರನ್ನು ಪ್ಲಗ್ಗಿಗೆ ಹಾಕಿ ಚಾರ್ಜ್ ಮಾಡಿದರೆ ಸಾಕು, ಅದಕ್ಕಿಂತ ಹೆಚ್ಚು ಹೆದರಬೇಕಿಲ್ಲ.

ಈ ಪ್ರಕರಣದ ಮೂರು ದೋಷಗಳಿಗೆ ಗೂಗಲ್ 2025ರ ಫೆಬ್ರವರಿ, ಮಾರ್ಚ್, ಏಪ್ರಿಲ್‌ನಲ್ಲಿ ಒಂದೊಂದಾಗಿ ಪರಿಹಾರ ಕೊಟ್ಟಿತು. ಕೊನೆಯದು ಬರುವಾಗ ಆ ಘಟನೆ ನಡೆದು ಮೂರು ತಿಂಗಳು ದಾಟಿತ್ತು. ಗೂಗಲ್ ಕೊಟ್ಟ ಕೂಡಲೇ ಅದು ನಿಮ್ಮ ಫೋನಿಗೆ ಬರುತ್ತದೆ ಎಂದೂ ಇಲ್ಲ. ಫೋನ್ ಕಂಪನಿ ಅದನ್ನು ತನ್ನ ಪ್ರತಿಯೊಂದು ಮಾಡೆಲ್‌ಗೆ ಹೊಂದಿಸಿ, ಪರೀಕ್ಷಿಸಿ ಕಳಿಸಬೇಕು. 2022ರಲ್ಲಿ ಆರ್ಮ್ ಕಂಪನಿಯ ಮಾಲಿ ಗ್ರಾಫಿಕ್ಸ್ ಡ್ರೈವರ್‌ನಲ್ಲಿ ಐದು ದೋಷ ಸಿಕ್ಕಿದವು. ಆರ್ಮ್ ಜುಲೈ-ಆಗಸ್ಟ್‌ನಲ್ಲೇ ಸರಿಪಡಿಸಿತು. ನವೆಂಬರ್‌ನಲ್ಲಿ ಗೂಗಲ್‌ನ ಪ್ರಾಜೆಕ್ಟ್ ಝೀರೋ ತಂಡ ನೋಡಿದರೆ, ಅವರು ಪರೀಕ್ಷಿಸಿದ ಮಾಲಿ ಫೋನುಗಳಲ್ಲಿ ದೋಷ ಹಾಗೆಯೇ ಇತ್ತು. ಗೂಗಲ್‌ನ ಸ್ವಂತ ಫೋನುಗಳೂ ಆ ಸಾಲಿನಲ್ಲಿದ್ದವು!

ತಡಕ್ಕೆ ಸೋಮಾರಿತನ ಒಂದೇ ಕಾರಣವಲ್ಲ. ಒಳಕೋಣೆಯಲ್ಲಿ ಕೆಲಸ ಮಾಡುವವನ ಕೈ ತಪ್ಪಿದರೆ ಇಡೀ ಮನೆಗೇ ಕತ್ತಲೆ. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ತಪ್ಪು ಫೈಲನ್ನು ಅದರದೇ ಡ್ರೈವರ್ ಓದಿ, ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ಕುಸಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟದ್ದು ಆ ದಿನವೇ.

ಈಗ ನಿಮ್ಮ ಫೋನ್ ನೋಡಿ. ಸೆಟ್ಟಿಂಗ್ಸ್‌ಗೆ ಹೋಗಿ, ಅಬೌಟ್ ಫೋನ್ ಒಳಗೆ ‘ಆಂಡ್ರಾಯ್ಡ್ ಸೆಕ್ಯುರಿಟಿ ಅಪ್‌ಡೇಟ್’ ಎಂಬ ದಿನಾಂಕ ಹುಡುಕಿ (ಕೆಲವು ಫೋನುಗಳಲ್ಲಿ ‘ಸೆಕ್ಯುರಿಟಿ ಪ್ಯಾಚ್ ಲೆವೆಲ್’ ಎಂದಿರುತ್ತದೆ). ಪಕ್ಕದಲ್ಲೇ ‘ಗೂಗಲ್ ಪ್ಲೇ ಸಿಸ್ಟಂ ಅಪ್‌ಡೇಟ್’ ಎಂದು ಇನ್ನೊಂದು ದಿನಾಂಕ ಇರಬಹುದು. ಅದು ಬೇರೆ, ಡ್ರೈವರ್ ಅದರಿಂದ ಸರಿಯಾಗುವುದಿಲ್ಲ. ಮೊದಲನೆಯದು 2025ರ ಮೇ ಅಥವಾ ಆಮೇಲಿನದಾದರೆ ಸರ್ಬಿಯಾದ ಮೂರೂ ದೋಷಗಳು ಮುಚ್ಚಿರುತ್ತವೆ. ಹೊಸ ಅಪ್‌ಡೇಟ್ ಕಾಯುತ್ತಿದ್ದರೆ ಹಾಕಿಬಿಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುವ ಸುಳ್ಯ, ಕಡಬದ ಒಳಭಾಗದವರು ‘ನಾಳೆ ಮಾಡುವ’ ಎನ್ನುವುದು ನನಗೆ ಅರ್ಥವಾಗುತ್ತದೆ. ಪೇಟೆಗೆ ಬಂದ ದಿನ ಡೌನ್‌ಲೋಡ್ ಮಾಡಿ, ಮನೆಯಲ್ಲಿ ಫೋನ್ ಚಾರ್ಜ್ ಇರುವಾಗ ಇನ್‌ಸ್ಟಾಲ್ ಮಾಡಿದರೂ ಆಗುತ್ತದೆ.

ನಿಜವಾದ ತೊಂದರೆ ಕಂಪನಿ ಅಪ್‌ಡೇಟ್ ನಿಲ್ಲಿಸಿದ ಹಳೇ ಫೋನುಗಳದ್ದು. ಬೆಂಗಳೂರಿನಲ್ಲಿರುವ ಮಗ ಹೊಸ ಫೋನ್ ಕೊಂಡಾಗ ಹಳೆಯದು ಊರಿಗೆ, ಅಮ್ಮನ ಕೈಗೆ ಬರುತ್ತದೆ. ಅಡಿಕೆ ದುಡ್ಡಿನ ಮೆಸೇಜು, ಬ್ಯಾಂಕಿನ ಓಟಿಪಿ, ಯುಪಿಐ ಎಲ್ಲ ಅದರಲ್ಲೇ. ಗ್ರಾಫಿಕ್ಸ್ ಡ್ರೈವರ್‌ನಂಥ ದೋಷಗಳನ್ನು ಬಳಸಿಕೊಳ್ಳಲು ಸಾಮಾನ್ಯವಾಗಿ ಫೋನಿನೊಳಗೆ ಒಂದು ಕೆಟ್ಟ ಆ್ಯಪ್ ಬರಬೇಕು. ಮದುವೆ ಕಾಗದ, ಟ್ರಾಫಿಕ್ ದಂಡ ಎಂಬ ಹೆಸರಿನಲ್ಲಿ ಬರುವ ಎಪಿಕೆ ಫೈಲು ಅದಕ್ಕೆ ಬಾಗಿಲು. ಹೇಳಬೇಕೆಂದರೆ ಆ ಮೋಸಗಳಲ್ಲಿ ಹೆಚ್ಚಿನವಕ್ಕೆ ಡ್ರೈವರ್ ದೋಷವೂ ಬೇಡ, ಎಸ್‌ಎಂಎಸ್ ಓದಲು ನೀವೇ ಕೊಡುವ ಅನುಮತಿ ಸಾಕು. ‘ಅಪ್‌ಡೇಟ್’ ಎಂದು ಲಿಂಕ್ ಕೊಡುವ ಫಾರ್ವರ್ಡೂ ಇದೇ ಜಾತಿಯದ್ದಾಗಿರಬಹುದು.

ನಮ್ಮಮ್ಮನ ಫೋನಿನ ದಿನಾಂಕ ನೋಡಿದೆ: 2022. ಮುಂದಕ್ಕೆ ಅಪ್‌ಡೇಟ್ ಇಲ್ಲ. ಅವರಿಗೆ ಬೇಸರವಾಯಿತು, ಫೋನ್ ಇನ್ನೂ ಚೆನ್ನಾಗಿಯೇ ಇದೆ. ಕೊನೆಗೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮನ್ನು ಅಪ್ಪನ ಫೋನಿನ ಎರಡನೇ ಜಾಗಕ್ಕೆ ಹಾಕಿ, ದುಡ್ಡಿನ ಆ್ಯಪುಗಳನ್ನು ಅಲ್ಲಿಗೆ ಬದಲಾಯಿಸಿದೆವು. ಹಳೇ ಫೋನಿನಲ್ಲಿ ಈಗ ಯಕ್ಷಗಾನದ ವಿಡಿಯೋ ಮಾತ್ರ.