ಹರಳು ವಿಷ ಮತ್ತು ಹುಲಿಯ ಸಂಸಾರ

2025ರ ಜೂನ್ 26ರಂದು ಮಲೆ ಮಹದೇಶ್ವರ ವನ್ಯಧಾಮದ ಹೂಗ್ಯಂ ವಲಯದಲ್ಲಿ ತಾಯಿಹುಲಿಯೊಂದು ತನ್ನ ನಾಲ್ಕು ಮರಿಗಳೊಂದಿಗೆ ಸತ್ತು ಬಿದ್ದಿತ್ತು. ಹುಲಿ ಕೊಂದಿದ್ದ ಹಸುವಿನ ಕಳೇಬರಕ್ಕೆ ವಿಷ ಬೆರೆಸಲಾಗಿತ್ತು. ಬಂಧನಗಳಾದವು, ತನಿಖೆಗೆ ಆದೇಶವಾಯಿತು. ಆದರೆ ಇಂಥ ವಿಷ ಹಳ್ಳಿಮನೆಯ ಅಟ್ಟಕ್ಕೆ ಏರುವ ದಾರಿಯ ಬಗ್ಗೆ ನಡೆಯಬೇಕಾದಷ್ಟು ಚರ್ಚೆ ನಡೆಯಲಿಲ್ಲ.

ಬಂದೂಕು ಕೊಳ್ಳುವವನಿಗೆ ಪರವಾನಗಿ ಬೇಕು. ಹರಳು ಕೀಟನಾಶಕ ಕೊಳ್ಳುವವನಿಗೆ ಗೊಬ್ಬರದ ಅಂಗಡಿ ಸಾಕು. (ವಿಷವನ್ನು 'ಔಷಧಿ' ಎಂದು ಕರೆಯುವ ಭಾಷೆ ಬಹುಶಃ ನಮ್ಮದೇ!) ಕೇಂದ್ರ ಸರ್ಕಾರ 2020ರ ಅಂತ್ಯಕ್ಕೆ ಫೋರೇಟನ್ನು ನಿಷೇಧಿಸಿತು, 2023ರಲ್ಲಿ ಕಾರ್ಬೊಫ್ಯುರಾನ್‌ನ ಒಂದು ಬಗೆಯನ್ನುಳಿದು ಮಿಕ್ಕವನ್ನೂ. ನಿಷೇಧ ರಾಜಪತ್ರದಲ್ಲಿದ್ದರೆ ಸಾಲದು, ಅಂಗಡಿಯ ಕಪಾಟಿಗೂ ತಲುಪಬೇಕು.

ಹುಲಿ ದೊಡ್ಡ ಬೇಟೆಯನ್ನು ಒಂದೇ ಸಲಕ್ಕೆ ತಿಂದು ಮುಗಿಸುವುದಿಲ್ಲ. ಮೂರು-ನಾಲ್ಕು ದಿನ ಅಲ್ಲಿಗೇ ಮರಳುತ್ತದೆ. ತಾಯಿಯಾದರೆ ಮರಿಗಳನ್ನೂ ಕರೆತರುತ್ತದೆ. ಉರುಳಿಗೆ ಸಿಕ್ಕುವುದು ಒಂದು ಹುಲಿ. ಹಿಡಿ ಹರಳು ಸಂಸಾರವನ್ನೇ ಅಳಿಸುತ್ತದೆ. ಅದೇ ಮಾಂಸ ತಿಂದ ನರಿ, ಹದ್ದುಗಳ ಲೆಕ್ಕ ಇಡುವವರಾರು?

ಹಾಗೆಂದು ಹಸು ಕಳೆದುಕೊಂಡವನನ್ನು ರಾಕ್ಷಸನನ್ನಾಗಿಸುವ ನಗರದ ಪ್ರಾಣಿಪ್ರೀತಿಗೆ ನನ್ನ ಸಹಮತವಿಲ್ಲ. ಪರಿಹಾರದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುವಾಗ ಸಾಲದ ಕಂತು ಕಾಯುವುದಿಲ್ಲ. ಕಾಡು ಕಾಯುವ ಹೊರಗುತ್ತಿಗೆ ನೌಕರರಿಗೇ ಆಗ ತಿಂಗಳುಗಳಿಂದ ವೇತನ ಸಂದಿರಲಿಲ್ಲ. ಕಾವಲಿನವನನ್ನು ಉಪವಾಸ ಕೆಡವಿ, ಗಣತಿಯ ಅಂಕಿ ತೋರಿಸಿ ಬೀಗುವುದು ಎಂಥ ಆಡಳಿತ?

ಅಂಕಿಯೇನೋ ಏರಿದೆ: ರಾಜ್ಯದಲ್ಲಿ 2018ರಲ್ಲಿ 524, 2022ರಲ್ಲಿ 563. ಹೆಚ್ಚಿದ ಹುಲಿಗೆ ನೆಲೆಯೆಲ್ಲಿ? ಬಿಳಿಗಿರಿರಂಗನ ಬೆಟ್ಟ, ಸತ್ಯಮಂಗಲ, ಮಹದೇಶ್ವರ ಬೆಟ್ಟ, ಕಾವೇರಿ ವನ್ಯಧಾಮಗಳ ಸರಣಿಯೇ ಅದರ ಮುಂದಿನ ಮನೆ. ಅಲ್ಲಿ ಲಂಟಾನ ಹಬ್ಬಿ ಹುಲ್ಲನ್ನು ನುಂಗಿದೆ. ಹುಲ್ಲಿಲ್ಲದೆಡೆ ಜಿಂಕೆ, ಕಡವೆಗಳು ಹೆಚ್ಚಲಾರವು. ಬೇಟೆ ವಿರಳವಾದರೆ ಹುಲಿ ದೊಡ್ಡಿಯತ್ತ ತಿರುಗುತ್ತದೆ. ತಾವು ಹಾಕುತ್ತಿದ್ದ ತರಗುಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತೆಂದು ಸೋಲಿಗರು ಹೇಳುತ್ತಲೇ ಬಂದಿದ್ದಾರೆ. ಕೇಳಿಸಿಕೊಂಡವರು ಕಡಿಮೆ.

ಅರಣ್ಯದಂಚಿನ ತಾಲ್ಲೂಕುಗಳಲ್ಲಿ ಹರಳು ವಿಷದ ಮಾರಾಟ ನಿಲ್ಲಲಿ, ಉಳಿದ ದಾಸ್ತಾನನ್ನು ಸರ್ಕಾರ ಹಿಂಪಡೆಯಲಿ. ಹಸು ಸತ್ತ ದಿನವೇ ಸ್ಥಳದಲ್ಲಿ ಮಹಜರಾಗಲಿ, ವಾರದೊಳಗೆ ಪರಿಹಾರ ಸಲ್ಲಲಿ. ಹುಲಿ ತಿಂದು ಹೋಗುವವರೆಗೆ ಕಳೇಬರಕ್ಕೆ ಇಲಾಖೆಯ ಕಾವಲಿರಲಿ. ವಿದ್ಯಾರ್ಥಿಗಳು ಈ ತಿಂಗಳು ತಮ್ಮೂರಿನ ಗೊಬ್ಬರದ ಅಂಗಡಿಗಳಲ್ಲಿ ಫೋರೇಟ್ ಇನ್ನೂ ದೊರೆಯುತ್ತದೆಯೇ ಎಂದು ವಿಚಾರಿಸಿ, ಬಂದ ಉತ್ತರವನ್ನು ಈ ಪತ್ರಿಕೆಗೆ ಬರೆದು ಕಳಿಸಬೇಕು.