ಮಸಿ ಬಳಿದುಕೊಂಡ ಪ್ಯಾನ್ ಇಂಡಿಯಾ

ಇತ್ತೀಚೆಗೆ ಬರುವ ಕನ್ನಡ ಟೀಸರ್‌ಗಳನ್ನು ನೋಡಿ... ಮುಖಕ್ಕೆ ಮಸಿ, ಎದೆವರೆಗೆ ಗಡ್ಡ, ಕೈಯಲ್ಲೊಂದು ಬಂದೂಕು, ಕೊನೆಗೆ ಐದು ಭಾಷೆಗಳಲ್ಲಿ ಹೆಸರು. ಕೇಳಿದರೆ 'ಪ್ಯಾನ್ ಇಂಡಿಯಾ' ಅಂತಾರೆ! 2018ರಲ್ಲಿ 'ಕೆಜಿಎಫ್' ಬಂದಾಗ ಶಿಳ್ಳೆ ಹೊಡೆದವರಲ್ಲಿ ನಾನೂ ಒಬ್ಬ, ಸುಳ್ಳು ಹೇಳಲ್ಲ. ಆದರೆ ಅದೇ ಗಣಿಯ ಧೂಳನ್ನು ಎಲ್ಲರೂ ಇನ್ನೆಷ್ಟು ವರ್ಷ ಮೈಗೆ ಬಳ್ಕೊಳ್ಳೋದು ಸ್ವಾಮಿ?

2022ರ ಸೆಪ್ಟೆಂಬರ್ 30ಕ್ಕೆ 'ಕಾಂತಾರ' ಬಂದದ್ದು ಕನ್ನಡದಲ್ಲಿ ಮಾತ್ರ. ಕಂಬಳ, ಭೂತಕೋಲ, ಕುಂದಾಪುರದ ಮಾತು. ಹಿಂದಿಗೆ ಡಬ್ ಆಗಿ ಹೋದದ್ದು ಎರಡು ವಾರ ಬಿಟ್ಟು, ಇಲ್ಲಿಯವರು ಮುಗಿಬಿದ್ದು ನೋಡಿದ ಮೇಲೆ. 2025ರ 'ಸು ಫ್ರಮ್ ಸೋ'ದಲ್ಲಿ ಸ್ಟಾರ್ ಹೀರೋನೇ ಇಲ್ಲ. ಕರಾವಳಿಯ ಒಂದು ಹಳ್ಳಿ, ಮೈಮೇಲೆ ದೆವ್ವ ಬಂದಂತೆ ನಟಿಸುವ ಒಬ್ಬ ಹುಡುಗ, ಅಷ್ಟೇ. ಅದೂ ಮೊದಲು ಇಲ್ಲಿ ನಗಿಸಿ, ಆಮೇಲೆ ಮಲಯಾಳಕ್ಕೆ, ತೆಲುಗಿಗೆ ಹೋಯ್ತು.

ಹಾಗಂತ ಬರೀ ನಿರ್ಮಾಪಕರನ್ನು ಬಯ್ಯೋಕೂ ನಂಗೆ ಮುಖ ಇಲ್ಲ. 2023ರಲ್ಲಿ ತೇಜಸ್ವಿ ಕಥೆಯ 'ಡೇರ್‌ಡೆವಿಲ್ ಮುಸ್ತಾಫಾ'ಕ್ಕೆ ಅವರ ಓದುಗರೇ ಸೇರಿ ದುಡ್ಡು ಹಾಕಿದ್ದರು. ಬ್ಲಾಗಿನಲ್ಲಿ ತೇಜಸ್ವಿ ತೇಜಸ್ವಿ ಅಂತ ಬರೆಯುವ ನಾವೆಷ್ಟು ಜನ ಥೇಟರಿಗೆ ಹೋದೆವು? 'ಓಟಿಟಿಗೆ ಬರ್ಲಿ ಬಿಡು, ನೋಡಿದ್ರಾಯ್ತು' ಅಂದವನು ನಾನೇ.